ಜೋರು ಗಾಳಿಗೆ ಎಷ್ಟು ಲೀಟರಿನ ಬೋರ್ಡ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಂಡ್‌ಸರ್ಫಿಂಗ್ ಬಗ್ಗೆಯೇ, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಗಾಳಿ ಶುರುವಾಗಿದೆ, ಉಡುಪಿಯಲ್ಲಿ ಮಳೆಗಾಳಿ ಬೀಸುತ್ತಿದೆ. ಎರಡೂ ಕಡೆಯವರು ಕೇಳುತ್ತಿರುವುದು ಒಂದೇ, ಗಾಳಿ ಜಾಸ್ತಿಯಾದರೆ ಯಾವ ಬೋರ್ಡ್ ಹಿಡಿಯಬೇಕು ಅಂತ. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನನ್ನ ತೂಕ 80 ಕೆಜಿ. ಮೌಂಟನ್ ವ್ಯೂನ ಶೋರ್‌ಲೈನ್ ಲೇಕ್‌ನಲ್ಲಿ ಎರಡು ಬೇಸಿಗೆ ಕಲಿತೆ. 150 ಲೀಟರಿನ ಬೋರ್ಡ್ ಮತ್ತು 6.0 ಚದರ ಮೀಟರ್ ಹಾಯಿ ಇದೆ. ಹೋದ ತಿಂಗಳು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಕಯೋಟಿ ಪಾಯಿಂಟ್‌ಗೆ ಹೋಗಿದ್ದೆ. ಮಧ್ಯಾಹ್ನ ಮೂರರ ಮೇಲೆ ಗಾಳಿ 22 ನಾಟ್ (ಗಂಟೆಗೆ ಸುಮಾರು 40 ಕಿಮೀ) ದಾಟಿತು. ಬೋರ್ಡ್ ಕುದುರೆ ಥರ ನೆಗೆಯಿತು, ಮೂಗು ಮೇಲೆದ್ದು ಎರಡು ಸಲ ನನ್ನನ್ನು ಎಸೆಯಿತು. ಜೊತೆಯವರು 85 ಲೀಟರಿನದು ತಗೋ ಅಂತಾರೆ. ‘ನಿನ್ನ ತೂಕ ಎಷ್ಟೋ ಅಷ್ಟು ಲೀಟರ್, ಅಷ್ಟೇ ಲೆಕ್ಕ’ ಅಂತ ಅವರ ಮಾತು. ಇದು ಸರೀನಾ? (ಫ್ರೀಮಾಂಟ್‌ನ ಓದುಗರು)

ಉತ್ತರ: ಸರಿಯಲ್ಲ. 85 ಈಗಲೇ ಬೇಡ. ನಿಮ್ಮ ಮುಂದಿನ ಬೋರ್ಡ್ 110 ಲೀಟರಿನ ಆಸುಪಾಸಿನದು. ಅದನ್ನೂ ಹಾಯಿ ಮತ್ತು ಫಿನ್ (ಬೋರ್ಡಿನ ಹಿಂಬದಿಯ ತಳದಲ್ಲಿರುವ ರೆಕ್ಕೆ) ಬದಲಾಯಿಸಿ ನೋಡಿದ ಮೇಲೆ ತಗೊಳ್ಳಿ.

ಮೊದಲು ಲೀಟರಿನ ಲೆಕ್ಕ ನೋಡೋಣ. ಒಂದು ಲೀಟರ್ ಗಾತ್ರ ಸುಮಾರು ಒಂದು ಕೆಜಿಯನ್ನು ತೇಲಿಸುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಜೊತೆಯವರ ಮಾತು ನಿಜ. ಆದರೆ ಬೋರ್ಡ್ ಹೊರಬೇಕಾದದ್ದು ನಿಮ್ಮೊಬ್ಬರನ್ನೇ ಅಲ್ಲವಲ್ಲ. ನಿಮ್ಮ 80 ಕೆಜಿ, ಒದ್ದೆಯಾದ ವೆಟ್‌ಸೂಟು (ಚಳಿ ತಡೆಯುವ ಉಡುಪು) ಹಾರ್ನೆಸ್ಸು (ಹಾಯಿಯ ಎಳೆತವನ್ನು ಸೊಂಟಕ್ಕೆ ಕೊಡುವ ಪಟ್ಟಿ) ಸೇರಿ ನಾಲ್ಕೈದು, ಮಾಸ್ಟ್ (ಹಾಯಿಯ ಕಂಬ) ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಹಿಡಿ) ಹಾಯಿ ಎಲ್ಲ ಕೂಡಿ ಒಂಬತ್ತು ಹತ್ತು, ಬೋರ್ಡಿನದೇ ತೂಕ ಏಳು. ಕೂಡಿಸಿದರೆ ನೂರು ದಾಟಿತು. ಅಂದರೆ ಗಾಳಿ ಇಲ್ಲದಾಗ 100 ಲೀಟರಿನ ಬೋರ್ಡಿನ ಮೇಲೆ ನೀವು ನಿಂತರೆ ಅದು ನೀರಿನ ಮಟ್ಟದಿಂದ ಕೆಳಗೇ ಇಳಿಯುತ್ತದೆ. 85ರ ಮೇಲೆ ನಿಂತರೆ ನೀರು ಮೊಣಕಾಲು ದಾಟಿ ಬರುತ್ತದೆ. ಹಗ್ಗ ಹಿಡಿದು ಹಾಯಿಯನ್ನು ನೀರಿನಿಂದ ಎಳೆದು ನಿಲ್ಲಿಸಲು ಆರಾಮಾಗಿ ಆಗಬೇಕೆಂದರೆ ನಿಮ್ಮ ತೂಕಕ್ಕೆ ಕನಿಷ್ಠ 30 ಲೀಟರ್ ಸೇರಿಸಿಕೊಳ್ಳಬೇಕು. 110 ಅನ್ನುವ ಅಂಕೆ ಬಂದದ್ದು ಅಲ್ಲಿಂದಲೇ.

ಹಾಗಾದರೆ 80 ಲೀಟರಿನ ಬೋರ್ಡ್ ಮೇಲೆ 90 ಕೆಜಿಯವರು ಹಾರಿಕೊಂಡು ಹೋಗುವುದು ಹೇಗೆ? ವೇಗದಿಂದ. ಚಪ್ಪಟೆ ಕಲ್ಲನ್ನು ಕೆರೆಯ ಮೇಲೆ ಬೀಸಿ ಎಸೆದರೆ ಅದು ಮುಳುಗದೆ ನೆಗೆಯುತ್ತಾ ಹೋಗುತ್ತದೆ ಅಲ್ವಾ, ಅದೇ ರೀತಿ. ಬೋರ್ಡ್ ವೇಗ ಹಿಡಿದು ನೀರಿನ ಮೇಲ್ಮೈ ಮೇಲೆ ಜಾರತೊಡಗಿದ ಮೇಲೆ, ಅಂದರೆ ಪ್ಲೇನಿಂಗ್ ಶುರುವಾದ ಮೇಲೆ, ಲೀಟರಿಗೆ ಅಷ್ಟಾಗಿ ಬೆಲೆ ಇಲ್ಲ. ಆಗ ತಳದ ಅಗಲ, ಹಿಂಬದಿಯ ಆಕಾರ, ಫಿನ್ ಇವೇ ಮುಖ್ಯ. ಲೀಟರ್ ಬೇಕಾಗುವುದು ಪ್ಲೇನಿಂಗ್ ಇಲ್ಲದ ಹೊತ್ತಿಗೆ. ಹೊರಡುವಾಗ, ಬಿದ್ದು ಏಳುವಾಗ, ಎಲ್ಲಕ್ಕಿಂತ ಜಾಸ್ತಿ ಗಾಳಿ ಬಿದ್ದುಹೋದಾಗ.

ಇನ್ನು ನಿಮ್ಮ ಬೋರ್ಡ್ ಯಾಕೆ ನೆಗೆಯಿತು ಅಂತ. 150 ಲೀಟರಿನ ಬೋರ್ಡ್ ಹತ್ತಿರ ಹತ್ತಿರ 80 ಸೆಂಟಿಮೀಟರ್ ಅಗಲ ಇರುತ್ತದೆ. ಕಡಿಮೆ ಗಾಳಿಯಲ್ಲಿ ಆ ಅಗಲವೇ ನಿಮ್ಮನ್ನು ಎತ್ತಿ ನಿಲ್ಲಿಸಿತ್ತು. ವೇಗ ಜಾಸ್ತಿಯಾದಾಗ ಅದೇ ಅಗಲ ಪ್ರತಿ ಅಲೆಗೂ ಬಡಿದುಕೊಳ್ಳುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಲಾರಿ ಓಡಿಸಿದ ಹಾಗೆ. ಮೂಗಿನ ಕೆಳಗೆ ಗಾಳಿ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಅದರ ಜೊತೆ ಬಂದ ಫಿನ್ 45 ಸೆಂಟಿಮೀಟರಿನ ಸುತ್ತಮುತ್ತ ಇರಬೇಕು. ಅದು ನೀರಿನೊಳಗೆ ರೆಕ್ಕೆ ಇದ್ದ ಹಾಗೆ, ವೇಗ ಏರಿದಷ್ಟೂ ಬೋರ್ಡನ್ನು ಎತ್ತುತ್ತಾ ಹೋಗುತ್ತದೆ. ಮೇಲೆ 6.0 ಹಾಯಿ ಬೇರೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ ಅನ್ನುವುದು ಇಲ್ಲಿ ಬಹಳ ಮುಖ್ಯ. 15 ನಾಟ್ ಇದ್ದದ್ದು 21 ನಾಟ್ ಆಯಿತು ಅಂದರೆ ಆರು ನಾಟ್ ಮಾತ್ರ ಹೆಚ್ಚಿದ ಹಾಗೆ ಕಾಣುತ್ತದೆ, ಆದರೆ ಹಾಯಿಯ ಮೇಲಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ನಿಮ್ಮನ್ನು ಎಸೆದದ್ದರಲ್ಲಿ ಬೋರ್ಡಿನ ಪಾಲಿಗಿಂತ ಹಾಯಿಯ ಪಾಲೇ ದೊಡ್ಡದು ಅಂತ ನನಗನಿಸುತ್ತದೆ.

ಅದಕ್ಕೆ ಮೊದಲು ದುಡ್ಡು ಹಾಕಬೇಕಾದದ್ದು ಹಾಯಿಗೆ. ನಿಮ್ಮ ತೂಕದವರಿಗೆ 22 ನಾಟ್ ಗಾಳಿಗೆ 5.0 ಆಸುಪಾಸಿನ ಹಾಯಿ ಸಾಕು. ಜೊತೆಗೆ 34 ಅಥವಾ 36 ಸೆಂಟಿಮೀಟರಿನ ಒಂದು ಫಿನ್ ತಗೊಳ್ಳಿ, ಬಳಸಿದ್ದಾದರೂ ಪರವಾಗಿಲ್ಲ. ಮಾಸ್ಟ್ ಕೂರುವ ಕಡೆಯನ್ನು ಎರಡು ಮೂರು ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಮೂಗು ಕೆಳಗೆ ಕೂರುತ್ತದೆ. ಹಾಯಿಯ ಕೆಳಗಿನ ಹಗ್ಗವನ್ನು ಇನ್ನಷ್ಟು ಬಿಗಿ ಎಳೆಯಿರಿ, ಮೇಲ್ತುದಿ ಸಡಿಲಾಗಿ ರಭಸದ ಬೀಸನ್ನು ಸೋರಲು ಬಿಡುತ್ತದೆ. ಇಷ್ಟು ಮಾಡಿ ಅದೇ 150ರ ಮೇಲೆ ಇನ್ನೊಂದು ಸಲ ಹೋಗಿ ನೋಡಿ. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಆಮೇಲೆ ವಾಟರ್‌ಸ್ಟಾರ್ಟ್. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ, ಹಾಗಾಗಿ ಇನ್ನೂ ಬರುವುದಿಲ್ಲ ಅಂದುಕೊಳ್ಳುತ್ತೇನೆ. ಅಲೆ ಎದ್ದ ನೀರಿನಲ್ಲಿ, 22 ನಾಟ್ ಗಾಳಿಯಲ್ಲಿ, ಬೋರ್ಡ್ ಮೇಲೆ ನಿಂತು ಹಗ್ಗ ಎಳೆದು ಹಾಯಿ ಎತ್ತುವುದು ದೊಡ್ಡ ಬೋರ್ಡಿನಲ್ಲೂ ಸೊಂಟ ಮುರಿಯುವ ಕೆಲಸ. ಅದರ ಬದಲು ನೀರಿನಲ್ಲೇ ಇದ್ದುಕೊಂಡು, ಮಾಸ್ಟನ್ನು ಗಾಳಿ ಬರುವ ಕಡೆ ಇಟ್ಟು, ಹಾಯಿಯ ಅಂಚನ್ನು ನೀರಿನಿಂದ ಬಿಡಿಸಿ, ಬೂಮ್ ಹಿಡಿದು, ಹಿಂಗಾಲನ್ನು ಬೋರ್ಡಿಗೆ ಕೊಟ್ಟು ಕೈ ಎತ್ತಿದರೆ ಗಾಳಿಯೇ ನಿಮ್ಮನ್ನು ಎಬ್ಬಿಸಿ ನಿಲ್ಲಿಸುತ್ತದೆ. ಇದನ್ನು ಸೊಂಟದ ಮಟ್ಟದ ನೀರಿನಲ್ಲಿ, ಈಗಿರುವ ದೊಡ್ಡ ಬೋರ್ಡಿನಲ್ಲೇ ಕಲಿಯಿರಿ. ಹತ್ತಕ್ಕೆ ಎಂಟು ಸಲ ಎದ್ದು ನಿಲ್ಲುವವರೆಗೆ 100ಕ್ಕಿಂತ ಕೆಳಗಿನ ಬೋರ್ಡ್ ಕಡೆ ನೋಡಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನೂ ಎರಡನೇ ವರ್ಷಕ್ಕೇ 83 ಲೀಟರಿನದು ತಗೊಂಡಿದ್ದೆ. ಮಾರಿದವರು ನನ್ನ ತೂಕ ಕೇಳಿದರು, ಗಾಳಿ ಎಷ್ಟು ಅಂತ ಕೇಳಿದರು, ವಾಟರ್‌ಸ್ಟಾರ್ಟ್ ಬರುತ್ತದಾ ಅಂತ ಮಾತ್ರ ಕೇಳಲಿಲ್ಲ. ಫಾಸ್ಟರ್ ಸಿಟಿ ಹತ್ತಿರ ನೀರಿಗಿಳಿದ ಮೂರನೇ ದಿನ ಗಾಳಿ ಸಂಜೆ ಐದೂವರೆಗೆ ತಟ್ಟನೆ ಬಿತ್ತು. ಬೋರ್ಡ್ ನನ್ನನ್ನು ಹೊರಲಿಲ್ಲ, ಹಾಯಿ ಏಳಲಿಲ್ಲ. ಬೋರ್ಡ್ ಮೇಲೆ ಎದೆ ಊರಿ ಕೈಯಲ್ಲಿ ಹುಟ್ಟು ಹಾಕುತ್ತಾ ದಡ ಮುಟ್ಟುವಾಗ ಕತ್ತಲಾಗಿತ್ತು, ಕೈಬೆರಳು ಮಡಚಲು ಬರುತ್ತಿರಲಿಲ್ಲ. ಆ ದಿನದಿಂದ ಯಾರು ಬೋರ್ಡ್ ಬಗ್ಗೆ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಗಾಳಿ ಅರ್ಧಕ್ಕೆ ಇಳಿದರೆ ಇದು ನಿಮ್ಮನ್ನು ವಾಪಸ್ ತರುತ್ತದಾ? ಕಯೋಟಿ ಪಾಯಿಂಟ್‌ನಲ್ಲಿ ಹೊರಗೆ ಇರುವಷ್ಟು ಗಾಳಿ ದಡದ ಹತ್ತಿರ ಇರುವುದಿಲ್ಲ ಅನ್ನುವುದನ್ನು ನೀವೇ ನೋಡಿರಬೇಕು. ಕೊನೆಯ ಆ ಇನ್ನೂರು ಮುನ್ನೂರು ಮೀಟರ್ ನಿಮ್ಮನ್ನು ತೇಲಿಸಿಕೊಂಡು ಬರಬೇಕು. 110 ತರುತ್ತದೆ. 85, ಸದ್ಯಕ್ಕೆ, ತರುವುದಿಲ್ಲ.

ಇನ್ನೊಂದು ಮಾತು. ಗೋಲ್ಡನ್ ಗೇಟ್ ಪಕ್ಕದ ಕ್ರಿಸ್ಸಿ ಫೀಲ್ಡ್‌ಗೆ ಈ ವರ್ಷ ಹೋಗಬೇಡಿ. ಅಲ್ಲಿ ಇಳಿತದ ಹೊತ್ತಿಗೆ ನೀರು ಸೇತುವೆಯ ಕೆಳಗಿಂದ ಸಾಗರಕ್ಕೆ ಓಡುತ್ತದೆ, ಗಾಳಿ ಬಿದ್ದರೆ ಅದರ ಜೊತೆ ನೀವೂ ಹೋಗುತ್ತೀರಿ.

ಪ್ರಶ್ನೆ: 75 ಕೆಜಿ. ವಾಟರ್‌ಸ್ಟಾರ್ಟ್ ಬರುತ್ತದೆ, ಹಾರ್ನೆಸ್ ಹಾಕಿ, ಎರಡೂ ಪಾದ ಬೋರ್ಡಿನ ಮೇಲಿನ ಫುಟ್‌ಸ್ಟ್ರಾಪ್ ಪಟ್ಟಿಗಳಲ್ಲಿ ಇಟ್ಟು ಹೋಗುತ್ತೇನೆ. 110 ಲೀಟರಿನ ಫ್ರೀರೈಡ್ ಬೋರ್ಡ್, 5.7 ಮತ್ತು 4.7 ಹಾಯಿ ಇವೆ. ವಾರಾಂತ್ಯ ಸ್ಯಾಕ್ರಮೆಂಟೊ ನದಿಯ ಶೆರ್ಮನ್ ಐಲೆಂಡ್‌ಗೆ ಹೋಗುತ್ತೇನೆ, 25–28 ನಾಟ್ ದಿನಗಳಲ್ಲಿ 110 ಕೈಗೆ ಸಿಗುವುದಿಲ್ಲ. ಎರಡನೇ ಬೋರ್ಡ್ 78ರ ವೇವ್ ಬೋರ್ಡ್ ತಗೊಳ್ಳಲಾ, 90ರ ಫ್ರೀಸ್ಟೈಲ್ ವೇವ್ (ಅಲೆಗೂ ಸಮತಟ್ಟು ನೀರಿಗೂ ಆಗುವ ಬಗೆ) ತಗೊಳ್ಳಲಾ? (ಫೋಲ್ಸಮ್‌ನ ಓದುಗರು)

ಉತ್ತರ: 90. ನಿಮಗೆ ಈಗ ಚಿಕ್ಕ ಬೋರ್ಡ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 4.7 ಹಾಯಿ ಹಿಡಿದು 110ರ ಮೇಲೆ ಹೋಗುವಾಗ ಆ 70 ಸೆಂಟಿಮೀಟರಿನ ಅಗಲವನ್ನು ಒತ್ತಿ ಹಿಡಿಯುವಷ್ಟು ಬಲ ಸಣ್ಣ ಹಾಯಿಯಲ್ಲಿ ಇರುವುದಿಲ್ಲ. ಬೋರ್ಡ್ ಅದರ ಪಾಡಿಗೆ ಅದು ತೇಲಾಡುತ್ತದೆ. 90 ಲೀಟರಿನದು 60 ಸೆಂಟಿಮೀಟರ್ ಆಸುಪಾಸು ಅಗಲ ಇರುತ್ತದೆ, ಅಂಚು ನೀರಿಗೆ ಕಚ್ಚುತ್ತದೆ, ಪಾದ ತಿರುಗಿಸಿದ ಕಡೆ ತಿರುಗುತ್ತದೆ. ಮೊದಲ ಸಲ ಹತ್ತಿದಾಗ ನಿಮಗೇ ಆಶ್ಚರ್ಯವಾಗುತ್ತದೆ, ಅದೇ ಗಾಳಿ, ಅದೇ ಹಾಯಿ, ಆದರೆ ನೀರು ಇಸ್ತ್ರಿ ಮಾಡಿದ ಹಾಗೆ ಅನಿಸುತ್ತದೆ. ನನಗೆ ಈ ಆಟದಲ್ಲಿ ಅದಕ್ಕಿಂತ ದೊಡ್ಡ ಖುಷಿ ಇಲ್ಲ.

78 ಯಾಕೆ ಬೇಡ? ಎರಡು ಕಾರಣ. ವೇವ್ ಬೋರ್ಡಿನ ತಳ ಮೂಗಿನಿಂದ ಬಾಲದವರೆಗೆ ಬಾಳೆಹಣ್ಣಿನ ಹಾಗೆ ಜಾಸ್ತಿ ಬಾಗಿರುತ್ತದೆ. ಅಲೆಯ ಗೋಡೆಯ ಮೇಲೆ ಗಕ್ಕನೆ ತಿರುಗಲಿ ಅಂತ ಮಾಡಿದ್ದು ಅದು. ನದಿಯಲ್ಲಿ ಆ ಬಾಗು ನಿಮ್ಮನ್ನು ನಿಧಾನ ಮಾಡುತ್ತದೆ, ಪ್ಲೇನಿಂಗ್ ತಡವಾಗುತ್ತದೆ, ಗಾಳಿಗೆ ಎದುರಾಗಿ ಏರುವುದು ಕಷ್ಟವಾಗುತ್ತದೆ. ಎರಡನೆಯದು ನದಿಯ ಹರಿವು. ಇದಕ್ಕೇ ನಾನು ಜಾಸ್ತಿ ಬೆಲೆ ಕೊಡುವುದು.

ಶೆರ್ಮನ್‌ನ ಗಾಳಿ ಹೇಗೆ ಹುಟ್ಟುತ್ತದೆ ಅಂತ ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ಸೆಂಟ್ರಲ್ ವ್ಯಾಲಿ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಸಾಗರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ದಾಟಿ, ಕಾರ್ಕಿನೆಜ್ ಜಲಸಂಧಿಯ ಇಕ್ಕಟ್ಟಿನಲ್ಲಿ ನುಗ್ಗಿ ಡೆಲ್ಟಾಕ್ಕೆ ಬರುತ್ತದೆ. ಎದುರಿನ ಮಾಂಟೆಜುಮಾ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದು ಸುಮ್ನೆ ಅಲ್ಲ. ಗಾಳಿ ಪಡುವಣದಿಂದ. ಸಮುದ್ರದ ಇಳಿತದ ಹೊತ್ತಿಗೆ ನದಿ ಪಡುವಣಕ್ಕೆ ಓಡುತ್ತದೆ, ಅಂದರೆ ಗಾಳಿಗೆ ಎದುರಾಗಿ. ಆಗ ಅಲೆ ಎತ್ತರವಾಗಿ ಏಳುತ್ತವೆ, ನೀರೇ ನಿಮ್ಮನ್ನು ಗಾಳಿಯ ಕಡೆ ಒಯ್ಯುವುದರಿಂದ ಹಾಯಿಗೆ ಸಿಗುವ ಗಾಳಿ ಒಂದೆರಡು ನಾಟ್ ಜಾಸ್ತಿಯೇ ಆಗುತ್ತದೆ. ಆ ಹೊತ್ತಿಗೆ 78ರ ಮೇಲೂ ಸ್ವರ್ಗ. ಉಬ್ಬರ ಶುರುವಾಯಿತು ಅಂದರೆ ಎಲ್ಲ ತಿರುಗುಮುರುಗು. ನೀರು ಗಾಳಿಯ ಜೊತೆಗೇ ಓಡುತ್ತದೆ, ಹಾಯಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ, ಎರಡು ಸಲ ಬಿದ್ದರೆ ಹೊರಟ ಜಾಗದಿಂದ ಅರ್ಧ ಕಿಲೋಮೀಟರ್ ದೂರ ತೇಲಿರುತ್ತೀರಿ. ಬೆಳಗ್ಗೆ ಇಳಿತದಲ್ಲಿ ಸರಿಯಾಗಿದ್ದ ಅದೇ ಬೋರ್ಡ್ ಹನ್ನೊಂದು ಗಂಟೆಗೆ ತೀರಾ ಚಿಕ್ಕದಾಗುವುದು ಹೀಗೆ. ನೀರಿಗಿಳಿಯುವ ಮುಂಚೆ ಗಾಳಿಯ ಮುನ್ಸೂಚನೆಯ ಜೊತೆ ಉಬ್ಬರ ಇಳಿತದ ಪಟ್ಟಿಯನ್ನೂ ನೋಡಿ, ಬೋರ್ಡನ್ನು ಉಬ್ಬರಕ್ಕೆ ತಕ್ಕ ಹಾಗೆ ಆರಿಸಿ.

ಎರಡು ಬೋರ್ಡುಗಳ ನಡುವೆ 20 ಲೀಟರ್ ಅಂತರ ಚೆನ್ನಾಗಿ ಹೊಂದುತ್ತದೆ. 5.7ಕ್ಕೆ 110, 4.7ಕ್ಕೆ 90. ಗಾಳಿ 30 ದಾಟುವ ದಿನಗಳಿಗೆ ಇನ್ನೊಂದು ಬೋರ್ಡ್ ಬೇಡ, 4.0 ಹಾಯಿ ಒಂದು ಇರಲಿ. 90ರ ಜೊತೆ ಬಂದ ಫಿನ್ 28 ಇದ್ದರೆ, 24ರದ್ದೂ ಒಂದು ಚೀಲದಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ತೂಕ 54 ಕೆಜಿ. ಕೊಲಂಬಿಯಾ ನದಿಯ ದಡದ ಹುಡ್ ರಿವರ್ ಊರಿನಲ್ಲಿ ನಮ್ಮವರ 115 ಲೀಟರಿನ ಬೋರ್ಡನ್ನೇ ಬಳಸುತ್ತಿದ್ದೇನೆ. ವಾಟರ್‌ಸ್ಟಾರ್ಟ್ ಬಂದಿದೆ. ಗಾಳಿ 20 ದಾಟಿದರೆ ನನ್ನ ಕೈಲಿ ಆಗುವುದೇ ಇಲ್ಲ. ‘ನಿಂಗೆ ಶಕ್ತಿ ಸಾಲದು’ ಅಂತಾರೆ. ಎಲ್ಲಿ ನೋಡಿದರೂ ಪಟ್ಟಿಗಳೆಲ್ಲ 75 ಕೆಜಿಯವರಿಗೇ ಇವೆ. (ಹಿಲ್ಸ್‌ಬರೋ, ಆರಿಗನ್‌ನ ಓದುಗರು)

ಉತ್ತರ: ಶಕ್ತಿಯ ಮಾತೇ ಅಲ್ಲ ಇದು, ಅಳತೆಯ ಮಾತು. 54 ಕೆಜಿಯವರು 115ರ ಮೇಲೆ ನಿಲ್ಲುವುದೂ 80 ಕೆಜಿಯವರು 150ರ ಹತ್ತಿರದ ಬೋರ್ಡ್ ಮೇಲೆ ನಿಲ್ಲುವುದೂ ಒಂದೇ. ಮೇಲೆ ಫ್ರೀಮಾಂಟಿನವರನ್ನು ಎಸೆದದ್ದು ಅಂಥದ್ದೇ ಬೋರ್ಡ್. ಅವರಿಗೆ ಯಾರೂ ಶಕ್ತಿ ಸಾಲದು ಅನ್ನಲಿಲ್ಲ, ನಿಮಗೂ ಯಾರೂ ಅನ್ನಬಾರದು.

ನಿಮ್ಮ ಲೆಕ್ಕ ಬೇರೆಯೇ ಮಾಡಿ. 54 ನಿಮ್ಮದು, ವೆಟ್‌ಸೂಟು ಹಾರ್ನೆಸ್ಸು ನಾಲ್ಕು, ಸಣ್ಣ ಹಾಯಿಯ ಸಾಮಾನು ಎಂಟು, ಬೋರ್ಡ್ ಆರೂವರೆ. ಒಟ್ಟು 73ರ ಹತ್ತಿರ. ವಾಟರ್‌ಸ್ಟಾರ್ಟ್ ಬರುವುದರಿಂದ ಜೋರು ಗಾಳಿಗೆ 75ರಿಂದ 82 ಲೀಟರಿನೊಳಗೆ ಯಾವುದಾದರೂ ಆಗುತ್ತದೆ. ನಾನಾಗಿದ್ದರೆ 80 ಹಿಡಿಯುತ್ತಿದ್ದೆ. ಯಾಕೆಂದರೆ ಹುಡ್ ರಿವರ್ ಸುತ್ತ ಗಾಳಿ ಒಂದೇ ಸಮ ಬೀಸುವುದಿಲ್ಲ, ಬಂದರೆ 28, ತಗ್ಗಿದರೆ 15. ಹಾಯಿಯನ್ನು ಬೀಸಿಗೆ ತಕ್ಕ ಹಾಗೆ ಚಿಕ್ಕದು ಮಾಡಿಕೊಂಡರೆ, ತಗ್ಗಿನಲ್ಲಿ ನಿಮ್ಮನ್ನು ಹೊರುವುದು ಬೋರ್ಡಿನ ಕೆಲಸ. ಹಾಗಾಗಿ ತುಯ್ದಾಡುವ ಗಾಳಿ ಇರುವ ಕಡೆ ಬೋರ್ಡ್ ಐದು ಲೀಟರ್ ಹೆಚ್ಚೇ ಇರಲಿ. ಹಾಯಿ 25 ನಾಟ್‌ಗೆ 3.7, 20ಕ್ಕೆ 4.2.

ನಿಮ್ಮ ನದಿ ನಿಮಗೆ ಒಳ್ಳೆಯದನ್ನೇ ಮಾಡುತ್ತದೆ. ಕ್ಯಾಸ್ಕೇಡ್ ಬೆಟ್ಟಸಾಲಿನ ನಡುವೆ ಕೊಲಂಬಿಯಾ ನದಿ ಕೊರೆದ ಆ ಕಣಿವೆಯೊಂದೇ ಸಮುದ್ರಮಟ್ಟದ ದಾರಿ. ಬೇಸಿಗೆಯಲ್ಲಿ ಮೂಡಣದ ಒಣ ಬಯಲು ಕಾದಾಗ ಪಡುವಣದ ತಂಪು ಗಾಳಿ ಅದರೊಳಗೇ ನುಗ್ಗಬೇಕು. ನದಿ ಮಾತ್ರ ಪಡುವಣಕ್ಕೇ ಹರಿಯುತ್ತದೆ, ಹಾಗಾಗಿ ನೀವು ಬಿದ್ದರೆ ನೀರು ನಿಮ್ಮನ್ನು ಗಾಳಿ ಬರುವ ಕಡೆಗೇ ತಳ್ಳುತ್ತದೆ. ಚಿಕ್ಕ ಬೋರ್ಡ್ ಕಲಿಯಲು ಇಷ್ಟು ಅನುಕೂಲದ ಜಾಗ ಕಡಿಮೆ. ಸಿಹಿನೀರು ಉಪ್ಪುನೀರಿನಷ್ಟು ತೇಲಿಸುವುದಿಲ್ಲ ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ವ್ಯತ್ಯಾಸ 80 ಲೀಟರಿಗೆ ಎರಡು ಕೆಜಿ, ಅಷ್ಟೇ.

ಬೋರ್ಡಿನ ಜೊತೆ ಇನ್ನೆರಡು ವಸ್ತು ನಿಮ್ಮ ಅಳತೆಯವೇ ಆಗಲಿ. ಮಾಸ್ಟ್ 370 ಸೆಂಟಿಮೀಟರಿನದು, ತೆಳ್ಳನೆಯ ಬಗೆಯದು. ಬೂಮ್ ಸಣ್ಣ ಸುತ್ತಳತೆಯದು, ಬೆರಳು ಪೂರ್ತಿ ಸುತ್ತಿಕೊಳ್ಳುವಂಥದ್ದು. ದಪ್ಪ ಬೂಮ್ ಹಿಡಿದು ಮುಂಗೈ ಸೋತು ಈ ಆಟ ಬಿಟ್ಟವರನ್ನು ನಾನು ಕಂಡಿದ್ದೇನೆ. ನೀವು ಬಿಡಬೇಡಿ ಅಂತ ನನ್ನ ಆಸೆ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಒಂದೇ ಅಳತೆಯ ಬೋರ್ಡ್ ಬಳಸುತ್ತಾರಂತೆ, ಗಾಳಿ ಎಷ್ಟಿದ್ದರೂ. ಹಾಗಿದ್ದರೆ ನಾವು ಯಾಕೆ ಬದಲಾಯಿಸಬೇಕು? (ಮೈಸೂರಿನ ವಿದ್ಯಾರ್ಥಿ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಅವರು ಒಂದೇ ಬೋರ್ಡ್ ಬಳಸುವುದು ಅದು ಎಲ್ಲ ಗಾಳಿಗೂ ಹೊಂದುತ್ತದೆ ಅಂತಲ್ಲ, ನಿಯಮ ಹಾಗಿದೆ ಅಂತ. ಎಲ್ಲರ ಸಾಮಾನು ಒಂದೇ ಇದ್ದರೆ ಗೆಲ್ಲುವುದು ಕೈಚಳಕ. 2008ರಿಂದ ಟೋಕಿಯೊವರೆಗೆ ಇದ್ದ ಆರ್‌ಎಸ್‌:ಎಕ್ಸ್ ಬೋರ್ಡ್ 93 ಸೆಂಟಿಮೀಟರ್ ಅಗಲ, ಗಂಡಸರಿಗೆ 9.5 ಹಾಯಿ. ಅದನ್ನು 25 ನಾಟ್‌ನಲ್ಲಿ ಹಿಡಿದು ನಿಲ್ಲಲು ವರ್ಷಗಟ್ಟಲೆ ದಿನಾ ಅಭ್ಯಾಸ ಬೇಕು. ನಮ್ಮ ದೇಶದ ಇಬಾದ್ ಅಲಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು ಆ ಬೋರ್ಡಿನ ಮೇಲೆಯೇ. 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಐಕ್ಯೂಫಾಯಿಲ್ ಅನ್ನುವ ಬಗೆ ಬಂತು. ಅದರ ಬೋರ್ಡ್ 95 ಸೆಂಟಿಮೀಟರ್ ಅಗಲ ಇದ್ದರೂ ಓಡುವಾಗ ನೀರು ಮುಟ್ಟುವುದೇ ಇಲ್ಲ, ಕೆಳಗಿನ ರೆಕ್ಕೆಯ ಮೇಲೆ ಗಾಳಿಯಲ್ಲೇ ಇರುತ್ತದೆ. ನೀರಿಗೆ ತಾಗದ ಬೋರ್ಡಿಗೆ ಅಲೆಯ ಹೊಡೆತವೂ ಇಲ್ಲ. ನಮ್ಮ ನಿಮ್ಮ ಫಿನ್ ಬೋರ್ಡಿಗೆ ಆ ಲೆಕ್ಕ ಹೊಂದುವುದಿಲ್ಲ.

ಪ್ರಶ್ನೆ: ಬಳಸಿದ ಬೋರ್ಡ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. 95 ಲೀಟರ್, 1990ರ ದಶಕದ್ದು, ಉದ್ದ 280 ಸೆಂಟಿಮೀಟರ್. ಜೋರು ಗಾಳಿಗೆ ತಗೊಳ್ಳಬಹುದಾ? (ಸ್ಯಾನ್ ಹೋಸೆಯ ಓದುಗರು)

ಉತ್ತರ: ಬೇಡ. ಅದೇ 95 ಲೀಟರನ್ನು ಆಗ ಉದ್ದಕ್ಕೆ ಹಂಚುತ್ತಿದ್ದರು, ಈಗ ಅಗಲಕ್ಕೆ ಹಂಚುತ್ತಾರೆ. ಈಗಿನ 95ರ ಬೋರ್ಡ್ 230 ಸೆಂಟಿಮೀಟರ್ ಆಸುಪಾಸು ಉದ್ದ, ಬಾಲದ ಕಡೆ ಅಗಲ, ಹಾಗಾಗಿ ಬೇಗ ಪ್ಲೇನಿಂಗ್‌ಗೆ ಬರುತ್ತದೆ, ನಿಂತಾಗಲೂ ಪಕ್ಕಕ್ಕೆ ಹೊರಳುವುದಿಲ್ಲ. ಲೀಟರ್ ಒಂದೇ ನೋಡಿ ಎರಡು ಕಾಲದ ಬೋರ್ಡುಗಳನ್ನು ಹೋಲಿಸಬೇಡಿ. ಕಳೆದ ಹತ್ತು ಹದಿನೈದು ವರ್ಷದೊಳಗಿನದು ಹುಡುಕಿ, ಸಿಗುತ್ತವೆ.

ನೋಡಲು ಹೋಗುವಾಗ ಸೂಟ್‌ಕೇಸ್ ತೂಗುವ ತಕ್ಕಡಿ ತಗೊಂಡು ಹೋಗಿ. ಹೊರಗೆ ಬಿರುಕು ಕಾಣದಿದ್ದರೂ ಒಳಗೆ ನೀರು ಕುಡಿದಿರಬಹುದು. ತಯಾರಿಸಿದವರು ಏಳು ಕೆಜಿ ಅಂದದ್ದು ಒಂಬತ್ತೂವರೆ ತೂಗಿದರೆ ಹಾಗೇ ವಾಪಸ್ ಬನ್ನಿ. ಹಿಮ್ಮಡಿ ಊರುವ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಒಳಗಿನ ಪದರ ಬಿಟ್ಟಿದೆ ಅಂತ ಅರ್ಥ. ಮೂಗಿನ ಮೇಲೆ ಬಣ್ಣ ಬೇರೆಯಾಗಿದ್ದರೆ ಮಾಸ್ಟ್ ಬಿದ್ದು ಒಡೆದು ರಿಪೇರಿ ಆಗಿದೆ. ರಿಪೇರಿ ತಪ್ಪಲ್ಲ, ಹೇಳದೆ ಮುಚ್ಚಿಡುವುದು ತಪ್ಪು. ಮೇಲ್ಗಡೆ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ಒಳಗಿನ ಗಾಳಿ ಹಿಗ್ಗಿದಾಗ ಹೊರಬಿಡುವುದಕ್ಕೆ. ಬಿಸಿಲಲ್ಲಿ ಕಾರಿನ ಮೇಲೆ ಒಯ್ಯುವಾಗ, ವಿಮಾನದಲ್ಲಿ ಕಳಿಸುವಾಗ ಅದನ್ನು ಸಡಿಲಿಸಬೇಕು, ನೀರಿಗಿಳಿಯುವ ಮುಂಚೆ ನೆನಪಿಟ್ಟು ಬಿಗಿ ಮಾಡಬೇಕು. ಎಷ್ಟೋ ಬೋರ್ಡುಗಳು ನೀರು ಕುಡಿಯುವುದು ಅಲ್ಲಿಂದಲೇ.

ಪ್ರಶ್ನೆ: ಗೋವಾದಲ್ಲಿ ಜನವರಿಯಲ್ಲಿ ವಿಂಡ್‌ಸರ್ಫಿಂಗ್ ಕಲಿತೆ, ಗಾಳಿ ತುಂಬಾ ಕಡಿಮೆ ಇತ್ತು. ಈಗ ಮಲ್ಪೆಯಲ್ಲಿ ಮಳೆಗಾಲದ ಗಾಳಿ ಎಷ್ಟು ಜೋರಾಗಿದೆ ಅಂದರೆ ನೋಡಿದರೆ ಆಸೆಯಾಗುತ್ತದೆ. ಒಂದು 90 ಲೀಟರಿನ ಬೋರ್ಡ್ ತರಿಸಿಕೊಂಡರೆ ಜುಲೈನಲ್ಲಿ ಇಳಿಯಬಹುದಾ? (ಉಡುಪಿಯ ಓದುಗರು)

ಉತ್ತರ: ಬೇಡ. ದಯವಿಟ್ಟು ಇಳಿಯಬೇಡಿ. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ಹೇಳಿದ್ದು ಕಣದ ಮಾತು, ಕಡಲಿನದಲ್ಲ.

ಜುಲೈನ ಗಾಳಿ ಕಡಲಿನಿಂದ ನೇರ ದಡಕ್ಕೆ ಬಡಿಯುತ್ತದೆ. ನೀವು ಹೊರಡಬೇಕಾದದ್ದು ಅದಕ್ಕೆ ಎದುರಾಗಿ, ಒಂದರ ಹಿಂದೆ ಒಂದು ಮುರಿಯುವ ಅಲೆಗಳ ನಡುವೆ. ಬೋರ್ಡ್ ಎಷ್ಟೇ ಲೀಟರಿನದಾಗಲಿ, ಆ ಅಲೆ ಹಾಯಿಯ ಮೇಲೆ ಬಿದ್ದರೆ ಮಾಸ್ಟ್ ಮುರಿಯುತ್ತದೆ, ನೀವು ಅದರ ಕೆಳಗೆ ಸಿಕ್ಕಿಕೊಳ್ಳುತ್ತೀರಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧ ಇದೆ. ಮೀನು ಮರಿ ಮಾಡುವ ಕಾಲ ಅನ್ನುವುದು ಅದಕ್ಕೆ ಮುಖ್ಯ ಕಾರಣ. ಹಾಗಾಗಿ ಆಗ ಹೊರಗೆ ದೊಡ್ಡ ದೋಣಿಗಳೂ ಇರುವುದಿಲ್ಲ. ನಿಮಗೆ ಏನಾದರೂ ಆದರೆ ಹತ್ತಿರ ಬರುವವರು ಯಾರು?

ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇದೇ ನೈಋತ್ಯ ಮಾರುತ ಅರಬ್ಬೀ ಕಡಲಿನ ಆಚೆ ಒಮಾನ್‌ನ ಮಸೀರಾ ದ್ವೀಪದ ಮೇಲೆ ಹಾಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಲ್ಲಿ ಮಳೆಯಿಲ್ಲ, ಒಳಗಿನ ನೀರು ಸಮತಟ್ಟು, ಜನ ಸಣ್ಣ ಬೋರ್ಡ್ ಹಿಡಿದು ಹೋಗುವುದೇ ಆ ಗಾಳಿಗೆ. ಮಸ್ಕತ್ತಿನಲ್ಲಿ ನಮ್ಮ ಕಡೆಯವರು ಎಷ್ಟೋ ಜನ ಇದ್ದಾರೆ, ನೆಂಟರ ಮನೆಗೆ ಹೋಗುವ ನೆಪ ಇದ್ದರೆ ಒಂದು ಸಲ ನೋಡಿ ಬನ್ನಿ. ನಮ್ಮ ದೇಶದಲ್ಲೇ ಅಂದರೆ ರಾಮೇಶ್ವರಂ ಇದೆ, ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ಗಾಳಿ, ಅಲೆ ಇಲ್ಲದ ನೀರು. ಅಲ್ಲಿ ಗಾಳಿಪಟ ಕಟ್ಟಿಕೊಂಡು ಹೋಗುವ ಕೈಟ್‌ಸರ್ಫಿಂಗ್ ಕಲಿಸುತ್ತಾರೆ. ಜೋರು ಗಾಳಿಯನ್ನು ಓದುವುದು ಹೇಗೆ ಅಂತ ಅಲ್ಲೂ ಕಲಿಯಬಹುದು.

ಮಲ್ಪೆಗೇ ಬೋರ್ಡ್ ತರಿಸುವುದಾದರೆ 90 ಬೇಡವೇ ಬೇಡ. ಮಳೆ ಹಿಂದೆ ಸರಿದ ಮೇಲೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಮಧ್ಯಾಹ್ನ ಭೂಮಿ ಕಾದು ಕಡಲಗಾಳಿ ಏಳುತ್ತದೆ. ಅದು 15 ನಾಟ್ ದಾಟುವ ದಿನಗಳು ಕಡಿಮೆ. ಅದಕ್ಕೆ ಹೊಂದುವುದು ನಿಮ್ಮ ತೂಕಕ್ಕೆ 60 ಲೀಟರ್ ಸೇರಿಸಿದ ಬೋರ್ಡ್, 6.5 ಅಥವಾ 7.0 ಹಾಯಿ. ನಿಮ್ಮ ತೂಕ ಎಷ್ಟು ಅಂತ ಬರೆದಿಲ್ಲ. ಬರೆದು ಕಳಿಸಿ, ಅಗಲ ಮತ್ತು ಫಿನ್ ಎಷ್ಟಿರಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.